ತೇಪೆಯೂ ದುರಸ್ತಿಯೂ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳನ್ನು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವವರು ತಾಳಬೆಟ್ಟದಲ್ಲಿ ಒಂದು ಗಳಿಗೆ ನಿಲ್ಲುವುದುಂಟು. ಕಾಲ್ನಡಿಗೆಯ ಭಕ್ತರು ಅಲ್ಲಿಂದ ಬೆಟ್ಟ ಹತ್ತತೊಡಗುತ್ತಾರೆ. ವಾಹನದಲ್ಲಿ ಬಂದವರು ಕೈಮುಗಿದು, ಮುಂದಿನ ಘಟ್ಟದ ತಿರುವುಗಳಿಗೆ ಮನಸ್ಸನ್ನು ಸಿದ್ಧಮಾಡಿಕೊಳ್ಳುತ್ತಾರೆ. ಹೀಗೆ ನಿಂತಿದ್ದ ಹಳೆಯ ಕಾರೊಂದರ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದ್ದುದನ್ನು ನಾವು ಒಮ್ಮೆ ಕಂಡೆವು. ಪವರ್ ಸ್ಟಿಯರಿಂಗಿನ ಹೋಸ್ ಪೈಪು ಸೋರುತ್ತಿತ್ತು. ಚಾಲಕನು ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ತಂತಿ ಬಿಗಿದು, “ಹೋಗಿಬರೋದಕ್ಕೆ ಏನೂ ಮೋಸ ಇಲ್ಲ, ಸ್ವಾಮಿ” ಎಂದನು. ಆ ಮಾತನ್ನು ನಾವು ಒಪ್ಪಲಾರೆವು. ಏಕೆಂಬುದನ್ನು ವಿದ್ಯಾರ್ಥಿಗಳು ತಮ್ಮ ಭೌತಶಾಸ್ತ್ರದ ಪಾಠದಿಂದಲೇ ತಿಳಿಯಬಹುದು.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬುದು 17ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲನು ತಿಳಿಸಿದ ನಿಯಮ. ಈ ನಿಯಮವನ್ನೇ ಆಧರಿಸಿ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲಿ ಪವರ್ ಸ್ಟಿಯರಿಂಗನ್ನು ಕಾರಿಗೆ ಅಳವಡಿಸಿ ತೋರಿಸಿದನು. 1951ರಲ್ಲಿ ಅಲ್ಲಿನ ಕ್ರೈಸ್ಲರ್ ಕಂಪನಿಯು ಅಂತಹ ಕಾರನ್ನು ಮಾರುಕಟ್ಟೆಗೆ ತಂದಿತು. ಹೊಸ ಕಾರುಗಳಲ್ಲಿ ಹೆಚ್ಚಾಗಿ ವಿದ್ಯುತ್ ಮೋಟಾರೇ ಈ ಕೆಲಸ ಮಾಡುತ್ತದೆ. ಹಳೆಯ ಕಾರುಗಳಲ್ಲಾದರೋ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪೊಂದು ಎಣ್ಣೆಯನ್ನು ಒತ್ತಿ ಕಳುಹಿಸುತ್ತದೆ. ಚಕ್ರ ತಿರುಗಿಸಿದೊಡನೆ ಆ ಎಣ್ಣೆಯು ಪಿಸ್ಟನ್ನಿನ ಒಂದು ಮಗ್ಗುಲನ್ನು ನೂಕಿ ನಮ್ಮ ತೋಳಿಗೆ ನೆರವಾಗುತ್ತದೆ. ಒತ್ತಡವು ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಂ, ಪಿಸ್ಟನ್ನಿನ ವಿಸ್ತೀರ್ಣ 10 ಚದರ ಸೆಂಟಿಮೀಟರು ಎಂದಿಟ್ಟುಕೊಂಡರೆ, ದೊರೆಯುವ ಬಲ 700 ಕಿಲೋಗ್ರಾಂ ಭಾರಕ್ಕೆ ಸಮ!

ನೇರವಾದ ರಸ್ತೆಯಲ್ಲಿ ಈ ಒತ್ತಡ ಬಹಳ ಕಡಮೆ. ನಿಧಾನವಾಗಿ ಸಾಗುತ್ತ ಚಕ್ರವನ್ನು ಪೂರ್ತಿ ತಿರುಗಿಸಿದಾಗ ಅದು ತುತ್ತತುದಿಗೇರುತ್ತದೆ. ಘಟ್ಟದ ರಸ್ತೆಯಲ್ಲಿ ಆಗುವುದು ಇದೇ ಅಲ್ಲವೆ? ಒಂದೊಂದು ತಿರುವಿನಲ್ಲೂ ಕೊಳವೆ ಬಿಗಿಯುತ್ತದೆ, ಮತ್ತೆ ಸಡಿಲುತ್ತದೆ. ವರ್ಷಗಟ್ಟಲೆ ಎಂಜಿನ್ನಿನ ಬಿಸಿಯುಂಡು ಗಡುಸಾದ ರಬ್ಬರು, ಲೋಹದ ಕೊಂಡಿಯನ್ನು ಸೇರುವ ಕಡೆಯಲ್ಲಿ ಬಿರುಕುಬಿಡುತ್ತದೆ. ಊರಿನಲ್ಲಿ ಬರಿಯ ಜಿನುಗಾಗಿದ್ದುದು ಬೆಟ್ಟದಲ್ಲಿ ಧಾರೆಯಾಗುವುದು ಹೀಗೆ.

ಕಾರಿನ ಟಯರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ಈ ಕೊಳವೆಯೊಳಗಿನ ಒತ್ತಡ ಅದರ ಮೂವತ್ತು ನಲವತ್ತು ಪಟ್ಟು ಏರಬಲ್ಲದು. ಅದನ್ನು ಟ್ಯೂಬಿನ ಪಟ್ಟಿ, ಅಂಟು, ಟೇಪುಗಳಿಂದ ತಡೆಯುತ್ತೇವೆನ್ನುವುದು ಕೆರೆಯ ತೂಬಿಗೆ ಹುಲ್ಲು ತುರುಕಿದಂತೆ. ಎಣ್ಣೆ ಬರಿದಾದರೆ ಸ್ಟಿಯರಿಂಗು ಕೈಬಿಡುವುದಿಲ್ಲ ನಿಜ. ಯಾಂತ್ರಿಕ ಸಂಬಂಧ ಉಳಿದೇ ಇರುತ್ತದೆ. ಆದರೆ ಹಗುರವಾಗಿದ್ದ ಚಕ್ರ ಇಳಿಜಾರಿನ ತಿರುವಿನ ನಡುವೆ ಥಟ್ಟನೆ ಕಲ್ಲಿನಂತೆ ಭಾರವಾದರೆ ಚಾಲಕನ ಗತಿಯೇನು? ಕಾದ ಹೊಗೆಕೊಳವೆಯ ಮೇಲೆ ಎಣ್ಣೆ ಸಿಡಿದರೆ ಬೆಂಕಿ ಹೊತ್ತಿಕೊಳ್ಳಲೂಬಹುದು. ಎಂಜಿನ್ ನಡೆಯುತ್ತಿರುವಾಗ ಸೋರಿಕೆಯನ್ನು ಬೆರಳಿನಿಂದ ಹುಡುಕುವುದಂತೂ ಕೂಡದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನೇ ಭೇದಿಸಬಲ್ಲದು.

ನಮ್ಮ ಜನರ ದುರಸ್ತಿಯ ಜಾಣ್ಮೆಯನ್ನು ನಾವು ಹಳಿಯುತ್ತಿಲ್ಲ. ವಸ್ತುವನ್ನು ಎಸೆಯದೆ ಬಾಳಿಸುವುದು ದೊಡ್ಡ ಗುಣ. ಆದರೆ ತೇಪೆ ಬೇರೆ, ದುರಸ್ತಿ ಬೇರೆ. ಎಣ್ಣೆಯನ್ನು ಡಬ್ಬಿಗೆ ಹಿಂದಿರುಗಿಸುವ ಕೊಳವೆಯಲ್ಲಿ ಒತ್ತಡ ಅತ್ಯಲ್ಪ. ಅದರ ಸೀಳಿದ ತುದಿಯನ್ನು ಕತ್ತರಿಸಿ, ಉದ್ದ ಸಾಲುವುದಾದರೆ ಹೊಸ ಕ್ಲಾಂಪು ಬಿಗಿಯುವುದು ಸರಿಯಾದ ದುರಸ್ತಿಯೇ. ಒತ್ತಡದ ಕೊಳವೆಯನ್ನಾದರೋ ಇಡಿಯಾಗಿ ಬದಲಿಸಬೇಕು. ಹಳೆಯ ಕಾರಿಗೆ ಬಿಡಿಭಾಗ ಸಿಗುವುದಿಲ್ಲವೆಂಬ ಆಕ್ಷೇಪಣೆಗೂ ಉತ್ತರವುಂಟು. ಟ್ರ್ಯಾಕ್ಟರು, ಜೆಸಿಬಿಗಳಿಗೆ ಹೋಸ್ ಕಟ್ಟಿಕೊಡುವ ಹೈಡ್ರಾಲಿಕ್ ಅಂಗಡಿಗಳು ಮೈಸೂರಿನಂತಹ ನಗರಗಳಲ್ಲಿವೆ. ಹಳೆಯ ಕೊಂಡಿಗಳ ಅಳತೆ ನೋಡಿ, ಆ ಒತ್ತಡವನ್ನೂ ಬಿಸಿಯನ್ನೂ ಎಣ್ಣೆಯನ್ನೂ ತಾಳುವ ಕೊಳವೆಗೆ ಯಂತ್ರದಿಂದ ಒತ್ತಿ ಕೂರಿಸಬಲ್ಲವರು ಅಲ್ಲಿದ್ದಾರೆ. ಬಳಿಕ ವಾಷರುಗಳನ್ನು ಬದಲಿಸಿ, ತಯಾರಕರು ಹೇಳಿದ ಎಣ್ಣೆಯನ್ನೇ ತುಂಬಿ, ಚಕ್ರವನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಹಲವು ಸಲ ತಿರುಗಿಸಿ ಒಳಗಿನ ಗಾಳಿಯನ್ನು ಹೊರಡಿಸಿದರೆ ಕೆಲಸ ಮುಗಿಯಿತು.

ಖರ್ಚು ಹೆಚ್ಚಲ್ಲವೆ ಎನ್ನಬಹುದು. ತೇಪೆಗೆ ಖರ್ಚು ಕಡಮೆ, ನಿಜ. ಆದರೆ ಉಳಿದ ಬೆಲೆಯನ್ನು ತೆರಬೇಕಾದವರು ಹಿಂದಿನ ಸೀಟಿನಲ್ಲಿ ಕುಳಿತ ಮುದುಕರು ಮತ್ತು ಮಕ್ಕಳು. ತಾಳಬೆಟ್ಟದಲ್ಲಿ ಸೋರಿಕೆ ಕಂಡರೆ ಕಾರನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತುವುದೇ ಲೇಸು. ಮಾದಪ್ಪನ ದರ್ಶನಕ್ಕೆ ಸ್ವಂತ ಕಾರೇ ಆಗಬೇಕೆಂಬ ನಿಯಮವೇನೂ ಇಲ್ಲ.

ಇದಕ್ಕಿಂತ ಮೇಲಾದುದು, ಹೊರಡುವ ಹಿಂದಿನ ದಿನವೇ ಪರೀಕ್ಷಿಸುವುದು. ಎಣ್ಣೆಯ ಮಟ್ಟ ಇಳಿದಿದೆಯೆ? ಚಕ್ರ ತಿರುಗಿಸಿದಾಗ ಪಂಪು ನರಳುತ್ತದೆಯೆ? ಕೊಂಡಿಗಳ ಬಳಿ ಧೂಳು ಅಂಟಿ ಕಪ್ಪಾಗಿದೆಯೆ? ಇವನ್ನು ನೋಡಲು ಹೈಸ್ಕೂಲು ವಿದ್ಯಾರ್ಥಿಯೂ ಸಾಕು. ಗಾಡಿಗೆ ಪೂಜೆ ಮಾಡುವ ಕೈಗಳೇ ಅದರ ಬಾನೆಟ್ಟನ್ನೂ ಎತ್ತಲಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಪಾಸ್ಕಲನ ನಿಯಮವು ಮನೆಯ ಕಾರಿನೊಳಗೇ ಕೆಲಸ ಮಾಡುತ್ತಿರುವುದನ್ನು ಒಮ್ಮೆ ಕಣ್ಣಾರೆ ಕಂಡವರು, ಒತ್ತಡದ ಕೊಳವೆಗೆ ಟ್ಯೂಬಿನ ಪಟ್ಟಿ ಸುತ್ತುವವನ ಕೈಯನ್ನು ತಪ್ಪದೆ ತಡೆಯುವರೆಂದು ನಮ್ಮ ನಂಬಿಕೆ.