ಗಣಿನಾಡಿನ ಮನೆ ಮತ್ತು ವಾಪಸು ದಾರಿಯಿಲ್ಲದ ಭವಿಷ್ಯ ನಿಧಿ

ಕೇಂದ್ರ ಕಾರ್ಮಿಕ ಸಚಿವ ಮನ್ಸುಖ್ ಮಾಂಡವಿಯ ಅವರ ಅಧ್ಯಕ್ಷತೆಯಲ್ಲಿ 2025ರ ಅಕ್ಟೋಬರ್ 13ರಂದು ಸೇರಿದ ನೌಕರರ ಭವಿಷ್ಯ ನಿಧಿಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿಯು, ನಿವೃತ್ತಿಗೆ ಮೊದಲೇ ಹಣ ತೆಗೆಯಲು ಇದ್ದ ಹದಿಮೂರು ಬಗೆಯ ನಿಯಮಗಳನ್ನು ಅಗತ್ಯ ವೆಚ್ಚ, ವಸತಿ, ವಿಶೇಷ ಸಂದರ್ಭ ಎಂಬ ಮೂರು ಗುಂಪಿಗೆ ಇಳಿಸಿ, ವಸತಿಗೆ ಬೇಕಿದ್ದ ಐದು ವರ್ಷಗಳ ಸದಸ್ಯತ್ವವನ್ನು ಹನ್ನೆರಡು ತಿಂಗಳಿಗೆ ತಗ್ಗಿಸಲು ತೀರ್ಮಾನಿಸಿತು. ಖಾತೆಯಲ್ಲಿ ಶೇ 25ರಷ್ಟು ಹಣ ಸದಾ ಉಳಿದಿರಬೇಕು ಎಂಬ ಷರತ್ತೂ ಇದರ ಜೊತೆಗೆ ಬಂದದ್ದರಿಂದ, ದುಡಿದವರ ದುಡ್ಡಿಗೆ ಸರ್ಕಾರ ಬೀಗ ಹಾಕುತ್ತಿದೆ ಎಂದು ಒಂದು ಬಣವೂ, ಬೀಗವೇ ಇಲ್ಲದಿದ್ದರೆ ಮುಪ್ಪಿಗೆ ಏನೂ ಉಳಿಯದು ಎಂದು ಇನ್ನೊಂದು ಬಣವೂ ವಾದಕ್ಕಿಳಿದವು. ಎಷ್ಟು ತೆಗೆಯಬಹುದು, ಯಾವಾಗ ತೆಗೆಯಬಹುದು ಎಂಬುದರಲ್ಲೇ ಮುಳುಗಿದ ಈ ಜಗಳದಲ್ಲಿ, ಮನೆಗಾಗಿ ಹೊರಗೆ ಹೋದ ಹಣ ಮತ್ತೆ ಖಾತೆಗೆ ಬರುವ ದಾರಿ ಯಾವುದು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಬಳ್ಳಾರಿ ಸುತ್ತಿನ ಗಣಿನಾಡಾದ ಸಂಡೂರು, ತೋರಣಗಲ್ಲು, ಹೊಸಪೇಟೆಗಳ ಕಾರ್ಮಿಕರ ಮಾತಿನಲ್ಲಿ ಮನೆಗಾಗಿ ತೆಗೆಯುವ ಈ ಹಣಕ್ಕೆ ‘ಪಿಎಫ್ ಲೋನ್’ ಎಂಬ ಹೆಸರಿದೆ. ಹೆಸರು ತಪ್ಪು. 1952ರ ನೌಕರರ ಭವಿಷ್ಯ ನಿಧಿ ಯೋಜನೆಯ 68ಬಿ ಕಂಡಿಕೆಯು ನಿವೇಶನಕ್ಕೆ 24 ತಿಂಗಳ, ಮನೆಗೆ 36 ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯ ಮಿತಿಯೊಳಗೆ ಕೊಡುತ್ತ ಬಂದಿರುವುದು ‘ಮುಂಗಡ’ವೇ ಹೊರತು ಸಾಲವಲ್ಲ, ಹೇಳಿದ ಉದ್ದೇಶಕ್ಕೇ ಖರ್ಚಾದ ಆ ಹಣವನ್ನು ಯಾರೂ ವಾಪಸು ಕೇಳುವುದಿಲ್ಲ. ಸಾಲಗಾರನಿಗೆ ತೀರಿಸುವ ಕಾಟವಾದರೂ ಇರುತ್ತದೆ, ಇಲ್ಲಿ ಅದೂ ಇಲ್ಲದಿರುವುದೇ ಅಪಾಯ.

ಮನೆ ಕೊಳ್ಳುವವರು ಈ ಹಣಕ್ಕೆ ಕೈಹಾಕುವುದಕ್ಕೆ ಕಾರಣ ದುಂದುಗಾರಿಕೆ ಎಂದು ಹೇಳುವವರಿಗೆ ಬ್ಯಾಂಕಿನ ಲೆಕ್ಕ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 90ನ್ನೂ, ಅದರ ಮೇಲೆ 75 ಲಕ್ಷದವರೆಗಿನ ಸಾಲ ಶೇ 80ನ್ನೂ ಮೀರುವಂತಿಲ್ಲ. ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳು ಸಾಮಾನ್ಯವಾಗಿ ಆ ಮೌಲ್ಯದಲ್ಲಿ ಸೇರುವುದೂ ಇಲ್ಲ. 25 ಲಕ್ಷದ ಮನೆಯೊಂದಕ್ಕೆ ಎರಡೂವರೆ ಲಕ್ಷ ಕೈಯಿಂದ ಹಾಕಿ, ಶೇ 5ರ ಮುದ್ರಾಂಕ ಶುಲ್ಕವನ್ನೂ, 2025ರ ಆಗಸ್ಟ್ 31ರಿಂದ ರಾಜ್ಯ ಸರ್ಕಾರ ಶೇ 1ರಿಂದ 2ಕ್ಕೆ ಏರಿಸಿದ ನೋಂದಣಿ ಶುಲ್ಕವನ್ನೂ ಕಟ್ಟುವಷ್ಟರಲ್ಲಿ ನಾಲ್ಕು ಲಕ್ಷ ದಾಟುತ್ತದೆ. ತಿಂಗಳ ಸಂಬಳದವನ ಬಳಿ ಅಷ್ಟು ದೊಡ್ಡ ಗಂಟು ಇರುವ ಜಾಗ ಒಂದೇ, ಅದು ಪಿಎಫ್ ಖಾತೆ. ಅದೇ ನಾಲ್ಕು ಲಕ್ಷ 2024-25ರ ಶೇ 8.25ರ ಬಡ್ಡಿಯಲ್ಲೇ ಇಪ್ಪತ್ತು ವರ್ಷ ಕುಳಿತಿದ್ದರೆ ಸುಮಾರು 19.5 ಲಕ್ಷವಾಗುತ್ತಿತ್ತು. ಗೃಹಸಾಲದ ಬಡ್ಡಿಯೂ ಅಷ್ಟೇ ಇರುವಾಗ ನಷ್ಟವೆಲ್ಲಿ ಎಂದು ಲೆಕ್ಕಿಗರು ಕೇಳಬಹುದು. ಸಾಲ ತಗ್ಗಿದ್ದರಿಂದ ಉಳಿದ ಕಂತಿನ ಹಣವನ್ನು ತಿಂಗಳು ತಿಂಗಳೂ ಬೇರೆಡೆ ಕೂಡಿಡುವ ಸಂಸಾರಗಳಿಗೆ ಆ ಮಾತು ನಿಜ, ಅಂಥ ಸಂಸಾರಗಳು ಎಷ್ಟಿವೆ ಎಂಬುದು ಬೇರೆ ಮಾತು.

ಆದರೆ ಬೆಂಗಳೂರಿಗೆ ಹೊಂದುವ ಈ ಲೆಕ್ಕ ಸಂಡೂರಿಗೆ ಪೂರ್ತಿ ಹೊಂದುವುದಿಲ್ಲ. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಅಕ್ರಮ ಗಣಿಗಾರಿಕೆಯ ಪಾಲುದಾರರಷ್ಟೇ ಅಲ್ಲ, ಅಗೆಯುವವರು, ಲಾರಿ ಓಡಿಸುವವರು, ಅವರಿಗೆ ಊಟ ಹಾಕುವವರು, ಬಾಡಿಗೆ ಮನೆ ಕೊಟ್ಟವರು ಎಲ್ಲರೂ ಒಮ್ಮೆಲೇ ಕೈಕಟ್ಟಿ ಕುಳಿತರು. ಸಾರ್ವಜನಿಕ ವಲಯದ ನೌಕರಿಯಾದರೆ ಭದ್ರ ಎಂದುಕೊಂಡವರಿಗೂ ಆ ನಂಬಿಕೆ ಉಳಿಯಲಿಲ್ಲ: ರಾಜ್ಯ ಸರ್ಕಾರ ಶೇ 80ರ ಪ್ರೀಮಿಯಂ ಕೇಳಿದ ವಿವಾದದಲ್ಲಿ ಎನ್‌ಎಂಡಿಸಿಯ ದೋಣಿಮಲೈ ಗಣಿ 2018ರ ನವೆಂಬರ್‌ನಲ್ಲಿ ನಿಂತು 2021ರ ಆರಂಭದವರೆಗೆ ತೆರೆಯಲಿಲ್ಲ, ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕೇಂದ್ರ ಸರ್ಕಾರದ ಕಾರ್ಖಾನೆಯನ್ನು ಮುಚ್ಚಲು 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟವೇ ಒಪ್ಪಿತು. ಇಂಥ ನಾಡಿನಲ್ಲಿ ದುಡಿಮೆಯೂ ಮನೆಯೂ ಒಂದೇ ಗುಡ್ಡಕ್ಕೆ ಕಟ್ಟಿಹಾಕಿದ ಎರಡು ಹಗ್ಗಗಳಿದ್ದಂತೆ. ಮೈನ್ಸ್ ಬಂದ್ ಆದ ದಿನ ಸಂಬಳ ನಿಲ್ಲುತ್ತದೆ. ಊರಿನ ಎಲ್ಲರ ಸಂಬಳವೂ ಒಟ್ಟಿಗೆ ನಿಂತಿರುವುದರಿಂದ ಮನೆ ಮಾರಹೊರಟರೆ ಕೊಳ್ಳುವವರು ಸಿಗುವುದಿಲ್ಲ. ಗೃಹಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅದಿರಿನ ಬೆಲೆ ಬಿದ್ದರೂ, ಪರವಾನಗಿ ರದ್ದಾದರೂ ಕರಗದೆ ಉಳಿಯುವ ಆಸ್ತಿ ಆ ಕಾರ್ಮಿಕನಿಗೆ ಒಂದೇ ಒಂದು, ಅದು ಭವಿಷ್ಯ ನಿಧಿ. ಅದನ್ನೂ ತೆಗೆದು ಅದೇ ಊರಿನ ಇಟ್ಟಿಗೆಗೆ ಹಾಕಿದ ಮೇಲೆ ಅವನ ಬಳಿ ಗುಡ್ಡದ ಹೊರಗಿನದೆಂಬುದು ಏನೂ ಉಳಿಯದು.

ಪಿಂಚಣಿ ಕೈಹಿಡಿಯುತ್ತದೆ ಎಂಬ ಸಮಾಧಾನವೂ ತೆಳುವಾದದ್ದು. ಉದ್ಯೋಗದಾತನ ಶೇ 12ರ ವಂತಿಗೆಯಲ್ಲಿ ಪಿಂಚಣಿ ಯೋಜನೆಗೆ ಹೋಗುವುದು ಶೇ 8.33, ಅದೂ 15,000 ರೂಪಾಯಿ ವೇತನದ ಮಿತಿಯೊಳಗೆ. ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವ ಸೂತ್ರದಂತೆ, ಇಪ್ಪತ್ತು ವರ್ಷ ದುಡಿದವನಿಗೆ ಆ ಮಿತಿಯಲ್ಲಿ ತಿಂಗಳಿಗೆ ಸಿಗುವುದು ಐದು ಸಾವಿರ ರೂಪಾಯಿಗಿಂತ ಕಡಿಮೆ.

ಹಾಗೆಂದು ಬೀಗ ಬಿಗಿಮಾಡುವುದು ಪರಿಹಾರವಲ್ಲ. ಉದ್ಯೋಗದಾತನ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರ ಫೆಬ್ರುವರಿಯಲ್ಲಿ ಹೊರಡಿಸಿದ ಅಧಿಸೂಚನೆಯ ವಿರುದ್ಧ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದು, ಎರಡೇ ದಿನದಲ್ಲಿ ಅದನ್ನು ವಾಪಸು ತೆಗೆಸಿದರು. ಕೆಲಸವೇ ನಾಲ್ಕಾರು ವರ್ಷ ನಿಲ್ಲದವರಿಗೆ ಐವತ್ತೆಂಟರ ಮಾತು ಹೇಳುವುದು ಎಷ್ಟು ಪೊಳ್ಳೆಂಬುದನ್ನು ಆ ಹೋರಾಟ ತೋರಿಸಿತು. ಗಣಿಗುತ್ತಿಗೆದಾರರ ಕೈಕೆಳಗಿನ ಕೂಲಿಗೂ ಅದೇ ಮಾತು ಸಲ್ಲುತ್ತದೆ. ಇನ್ನು ಕಂಪ್ಲಿಯ ಭತ್ತ, ಕಬ್ಬು, ಬಾಳೆಯ ತೋಟಗಳಲ್ಲಿ ದುಡಿಯುವವರಿಗಾಗಲಿ, ಹಂಪಿಯಲ್ಲಿ ಪ್ರವಾಸಿಗರನ್ನು ನಂಬಿ ಬದುಕುವವರಿಗಾಗಲಿ ಈ ಚರ್ಚೆಯೇ ಒಂದು ಭಾಗ್ಯ: ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುವ ಈ ಕಾನೂನಿನ ಹೊರಗೇ ಅವರಲ್ಲಿ ಬಹುಪಾಲು ಮಂದಿ ಇದ್ದಾರೆ. ಗಣಿ ನಿಂತ ಅದೇ 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಮನೆ ಅಂಗಡಿಗಳು ನೆಲಸಮವಾದಾಗ, ಹೊರಬಿದ್ದವರಿಗೆ ತೆಗೆಯಲು ಯಾವ ನಿಧಿಯೂ ಇರಲಿಲ್ಲ.

ಹಣ ಹೊರಗೆ ಹೋಗಲಿ, ಆದರೆ ಒಳಗೆ ಬರುವ ಬಾಗಿಲೂ ಇರಲಿ ಎಂಬುದಷ್ಟೇ ಇಲ್ಲಿ ಬೇಕಾದದ್ದು. ಸಿಂಗಪುರದ ಕೇಂದ್ರ ಭವಿಷ್ಯ ನಿಧಿಯಲ್ಲಿ ಮನೆಗೆಂದು ತೆಗೆದ ಹಣವನ್ನು, ಮನೆ ಮಾರಿದಾಗ, ಅದಕ್ಕೆ ಬರಬೇಕಿದ್ದ ಬಡ್ಡಿಯೊಂದಿಗೆ ಸದಸ್ಯನ ಖಾತೆಗೇ ಮರಳಿಸಬೇಕು. ಅಮೆರಿಕದ 401(ಕೆ) ನಿವೃತ್ತಿ ಖಾತೆಯಿಂದ ಪಡೆದ ಸಾಲಕ್ಕೆ ಕಂತುಗಳಿವೆ. ನಮ್ಮಲ್ಲೇ ಸರ್ಕಾರಿ ನೌಕರರ ಸಾಮಾನ್ಯ ಭವಿಷ್ಯ ನಿಧಿಯಲ್ಲಿ ಕಂತಿನಲ್ಲಿ ತೀರಿಸುವ ಮುಂಗಡ, ಮರಳಿಸಬೇಕಿಲ್ಲದ ಭಾಗಶಃ ಹಿಂಪಡೆತ ಎಂಬ ಎರಡೂ ಬಗೆಗಳಿರುವಾಗ, ಗಣಿ ಮತ್ತು ಕಾರ್ಖಾನೆಯವರಿಗೆ ಮೊದಲನೆಯದನ್ನು ಏಕೆ ನಿರಾಕರಿಸಬೇಕು? ಬಲವಂತ ಬೇಡ, ಕೂಲಿ ನಿಂತ ತಿಂಗಳು ಕಂತೂ ನಿಲ್ಲಲಿ, ಕೈಯಲ್ಲಿ ಹಣ ಓಡಾಡಿದಾಗ ಸದಸ್ಯನು ತಾನೇ ತುಂಬಲಿ. ಸದ್ಯ ಸಂಬಳದ ಮೂಲಕ ಸ್ವಯಂಪ್ರೇರಿತವಾಗಿ ಹೆಚ್ಚು ವಂತಿಗೆ ಕಟ್ಟಬಹುದಾದರೂ, ವರ್ಷಕ್ಕೆ ಎರಡೂವರೆ ಲಕ್ಷ ಮೀರಿದ ವಂತಿಗೆಯ ಬಡ್ಡಿಗೆ 2021ರ ಏಪ್ರಿಲ್‌ನಿಂದ ತೆರಿಗೆ ಬೀಳುತ್ತಿದೆ. ಮನೆಗಾಗಿ ತೆಗೆದದ್ದನ್ನು ಮರಳಿ ತುಂಬುವವರಿಗೆ ಕನಿಷ್ಠ ಆ ಮಿತಿಯಿಂದ ವಿನಾಯಿತಿ ಸಿಗಬೇಕು. ಹದಿಮೂರು ನಿಯಮಗಳನ್ನು ಮೂರಾಗಿಸಿದ ಮಂಡಳಿಗೆ ನಾಲ್ಕನೆಯದೊಂದನ್ನು ಸೇರಿಸುವುದು ಕಷ್ಟವಲ್ಲ, ಅದನ್ನು ಕೇಳುವ ಕೆಲಸ ಸಂಡೂರು ಹೊಸಪೇಟೆಗಳ ಕಾರ್ಮಿಕ ಸಂಘಗಳದ್ದು.