ಹರಾಜಿಗೆ ಗಡಿಯಿಲ್ಲ, ವಿನಾಯಿತಿಗೆ ಗಡಿಯಿದೆ

ಹರಾಜು ನಮ್ಮ ಕುಟುಂಬಗಳಿಗೆ ಹೊಸ ಸಂಗತಿಯಲ್ಲ. ಬಸದಿಯಲ್ಲಿ ಅಭಿಷೇಕದ ಸವಾಲು ನಡೆಯುವಾಗ ಯಾರು ಏರಿಸಿದರು, ಯಾರು ಹಿಂದೆ ಸರಿದರು ಎಂಬುದು ನೆರೆದವರಿಗೆಲ್ಲ ಕಾಣುತ್ತದೆ. ಆನ್‌ಲೈನ್ ಹರಾಜಿನಲ್ಲಿ ಕೂಗುವವನಿಗೆ ಮುಖವಿಲ್ಲ, ಊರಿಲ್ಲ. ಕೆಲವೊಮ್ಮೆ ಹಣ ಕಟ್ಟುವ ಉದ್ದೇಶವೂ ಇರುವುದಿಲ್ಲ.

ಭಾರತದಲ್ಲಿ ಈ ಪದ್ಧತಿಗೆ ಕಾಲು ಶತಮಾನ ತುಂಬಿದೆ. 2000ದಲ್ಲಿ ಬಾಜೀ ಡಾಟ್ ಕಾಮ್ ಆರಂಭವಾಯಿತು. 2004ರಲ್ಲಿ ಅದನ್ನು ಇಬೇ ಕೊಂಡುಕೊಂಡಿತು. 2018ರ ಆಗಸ್ಟ್‌ನಲ್ಲಿ ಇಬೇಯ ಭಾರತೀಯ ತಾಣವೂ ಮುಚ್ಚಿತು. ಹರಾಜು ಮಾತ್ರ ನಿಲ್ಲಲಿಲ್ಲ, ಬೇರೆ ಬೇರೆ ವೇದಿಕೆಗಳಿಗೆ ಹರಡಿತು.

ಪುಣೆಯಲ್ಲಿ ಚಿಕ್ಕ ಬೆಳ್ಳಿ ಆಭರಣದ ಅಂಗಡಿ ನಡೆಸುವ ನನ್ನ ಕಕ್ಷಿದಾರರೊಬ್ಬರು ಇಂಥ ಒಂದು ವೇದಿಕೆಯಲ್ಲಿ ತಮ್ಮ ಗೆಜ್ಜೆ, ಬಳೆಗಳನ್ನು ಹರಾಜಿಗಿಟ್ಟರು. ವರ್ಷಾಂತ್ಯದ ಲೆಕ್ಕ ತೆಗೆದಾಗ ಮಾರಾಟವೇನೂ ಕಡಿಮೆಯಿರಲಿಲ್ಲ. ಉಳಿದದ್ದು ಮಾತ್ರ ಏನೂ ಇರಲಿಲ್ಲ. ಕಾರಣವನ್ನು ಒಂದು ಕಲ್ಪಿತ ಲೆಕ್ಕದಿಂದ ಹೇಳುವುದು ಸುಲಭ. ಒಂದು ಜೊತೆ ಗೆಜ್ಜೆಯಲ್ಲಿ 8,000 ರೂಪಾಯಿಯ ಬೆಳ್ಳಿ, 1,600 ರೂಪಾಯಿ ಮಜೂರಿ ಇದೆಯೆನ್ನೋಣ. ವೇದಿಕೆ ಶೇ. 8ರಷ್ಟು ಕಮಿಷನ್ ತೆಗೆದರೆ 9,600ರ ಮೇಲೆ 768 ರೂಪಾಯಿ ಹೋಯಿತು. ಬೆಳ್ಳಿಗೆ ಪೇಟೆಯ ದರವಿದೆ, ಅದು ವ್ಯಾಪಾರಿಯ ಕೈಯಲ್ಲಿಲ್ಲ. ಆದುದರಿಂದ ಆ 768 ರೂಪಾಯಿಯೂ ಮಜೂರಿಯಿಂದಲೇ ಹೋಗಬೇಕು, ಅಂದರೆ ಅದರ ಅರ್ಧದಷ್ಟು. ಕೂಗು 9,000ಕ್ಕೇ ನಿಂತರೆ ಕಮಿಷನ್ ಕಳೆದು 8,280 ಕೈಸೇರುತ್ತದೆ. ಕುಸುರಿಗಾರನ ಕೂಲಿ, ಕೊರಿಯರ್, ವಿಮೆ ಎಲ್ಲಕ್ಕೂ ಸೇರಿ ಉಳಿದದ್ದು 280 ರೂಪಾಯಿ. ಆಭರಣದ ಹರಾಜಿನಲ್ಲಿ ನಿಜವಾಗಿ ಹರಾಜಾಗುವುದು ಲೋಹವಲ್ಲ, ಕೈಗೆಲಸ.

ಮೀಸಲು ಬೆಲೆ ಇಡಬಹುದಲ್ಲ ಎಂದು ನೀವು ಕೇಳಬಹುದು. ಇಡಬಹುದು, ಕಾನೂನೂ ಒಪ್ಪುತ್ತದೆ. ಆದರೆ ಒಂದು ರೂಪಾಯಿಯಿಂದ ಏರುವ ಹರಾಜುಗಳ ಸಾಲಿನಲ್ಲಿ 9,600ರಿಂದ ಆರಂಭವಾಗುವ ಗೆಜ್ಜೆಯನ್ನು ತೆರೆದು ನೋಡುವವರು ವಿರಳ. ಆಗ ಬಂಧುಗಳ ಖಾತೆಯಿಂದ ನಾಲ್ಕು ಸುಳ್ಳು ಕೂಗು ಹಾಕಿಸುವ ಮನಸ್ಸಾಗುತ್ತದೆ. 1930ರ ಸರಕು ಮಾರಾಟ ಅಧಿನಿಯಮದ 64ನೆಯ ಪ್ರಕರಣದ ಪ್ರಕಾರ, ಮಾರುವವನು ಬೆಲೆ ಏರಿಸಲು ತೋರಿಕೆಯ ಸವಾಲು ಬಳಸಿದರೆ ಕೊಂಡವನು ಆ ಮಾರಾಟವನ್ನೇ ತಳ್ಳಿಹಾಕಬಹುದು. ತೊಂಬತ್ತು ವರ್ಷಗಳಿಗೂ ಹಳೆಯ ಈ ನಿಯಮ ಪರದೆಯ ಹರಾಜಿಗೂ ಅನ್ವಯಿಸುತ್ತದೆಂದು ನಮ್ಮ ಯುವ ವ್ಯಾಪಾರಿಗಳು ತಿಳಿದಿರಲಿ.

ಇಷ್ಟು ವ್ಯಾಪಾರದ ಕಷ್ಟ, ಅದನ್ನು ಸಹಿಸಬಹುದು. ಸಹಿಸಲಾಗದ್ದು ತೆರಿಗೆ ಕಾನೂನಿನ ಅಸಮಾನತೆ. ಮಹಾರಾಷ್ಟ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ, ತನ್ನ ರಾಜ್ಯದೊಳಗೆ ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆನ್‌ಲೈನ್ ವೇದಿಕೆಯ ಮೂಲಕ ಮಾರುವವರಿಗೆ ಈ ಸೌಲಭ್ಯ ಮೊದಲು ಇರಲೇ ಇಲ್ಲ. 2023ರ ಅಕ್ಟೋಬರ್ 1ರಿಂದ ಕೊಟ್ಟರು, ಆದರೆ ರಾಜ್ಯದ ಗಡಿ ದಾಟಿ ಮಾರಬಾರದೆಂಬ ಷರತ್ತಿನೊಡನೆ. ಅದರ ಅರ್ಥವೇನೆಂದರೆ, ಪುಣೆಯ ವ್ಯಾಪಾರಿ ಚಂದ್ರಪುರಕ್ಕೆ ಗೆಜ್ಜೆ ಕಳುಹಿಸಬಹುದು. ಅದರ ಅರ್ಧ ದೂರದಲ್ಲಿರುವ ಬೆಳಗಾವಿಗೆ, ತನ್ನ ಸೋದರತ್ತೆಯ ಊರಿಗೆ, ಕಳುಹಿಸುವಂತಿಲ್ಲ. ಶೇ. 1ರ ರಾಜಿ ತೆರಿಗೆ ಯೋಜನೆಗೂ ಇದೇ ಬೇಲಿ. ಹೆಚ್ಚು ಜನ ಕೂಗಿದರೆ ಮಾತ್ರ ಬೆಲೆ ಬರುವ ವ್ಯಾಪಾರ ಹರಾಜು. ಕೂಗುವವರನ್ನೇ ರಾಜ್ಯದೊಳಗೆ ಕಟ್ಟಿಹಾಕಿದ ಮೇಲೆ ವಿನಾಯಿತಿಯಿಂದ ಏನು ಪ್ರಯೋಜನ?

ನನ್ನ ಕಕ್ಷಿದಾರರು ನೋಂದಣಿ ಪಡೆದರು. ಅಂದಿನಿಂದ ಅಂಗಡಿಯಲ್ಲಿ ಮಾರಿದ ಪ್ರತಿ ಉಂಗುರಕ್ಕೂ ಶೇ. 3 ತೆರಿಗೆ ಹಾಕಬೇಕಾಯಿತು. ನೋಂದಣಿಯಿಲ್ಲದ ಪಕ್ಕದ ಅಂಗಡಿಯವರಿಗೆ ಆ ಗೊಡವೆಯಿಲ್ಲ. ಕೊಂಡ ಬೆಳ್ಳಿಯ ಮೇಲೆ ಕಟ್ಟಿದ ತೆರಿಗೆ ಜಮೆಯಾಗಿ ಸಿಗುತ್ತದೆ, ನಿಜ. ಆದರೆ ರಿಟರ್ನ್‌ಗಳ ಕಾಟ, ತಡವಾದರೆ ದಂಡ, ಮೇಲೆ ನನ್ನಂಥವರ ಶುಲ್ಕ. ವೇದಿಕೆ ಮೂಲದಲ್ಲೇ ಹಿಡಿಯುವ ಜಿಎಸ್‌ಟಿ 2024ರ ಜುಲೈನಲ್ಲಿ ಶೇ. 1ರಿಂದ 0.5ಕ್ಕೆ ಇಳಿದದ್ದು ಒಳ್ಳೆಯದೇ. ಅದು ಕೊನೆಗೆ ಹಿಂತಿರುಗುವ ಹಣ. ಮೂಲ ತೊಡಕು ಅದಲ್ಲ.

ವಿಚಿತ್ರವೆಂದರೆ, ಸೇವೆ ಮಾರುವವರಿಗೆ ಈ ಬೇಲಿಯಿಲ್ಲ. 2017ರ ಅಕ್ಟೋಬರ್‌ನಿಂದಲೇ 20 ಲಕ್ಷದೊಳಗಿನ ಸೇವಾದಾರರು ನೋಂದಣಿಯಿಲ್ಲದೆ ಯಾವ ರಾಜ್ಯಕ್ಕಾದರೂ ಸೇವೆ ಒದಗಿಸಬಹುದು. ಮುಂಬಯಿಯಲ್ಲಿ ಹೊಸದಾಗಿ ಕಚೇರಿ ತೆರೆದ ಲೆಕ್ಕಪರಿಶೋಧಕ ಹುಬ್ಬಳ್ಳಿಯ ಗ್ರಾಹಕನಿಗೆ ಬಿಲ್ಲು ಬರೆಯಬಹುದು, ಗೆಜ್ಜೆ ಮಾರುವವನು ಬರೆಯುವಂತಿಲ್ಲ. ಸರಕು ಗಡಿ ದಾಟಿದರೆ ಪತ್ತೆಹಚ್ಚುವುದು ಕಷ್ಟವೆಂಬ ವಾದ ರಸ್ತೆಯ ವ್ಯಾಪಾರಕ್ಕೆ ಒಪ್ಪೀತು. ವೇದಿಕೆಯ ವ್ಯಾಪಾರಕ್ಕೆ ಒಪ್ಪದು. ಯಾರು ಎಷ್ಟು ಮಾರಿದರೆಂಬ ವಿವರವನ್ನು ವೇದಿಕೆಯೇ ಪ್ರತಿ ತಿಂಗಳು ಜಿಎಸ್‌ಟಿಆರ್-8ರಲ್ಲಿ ಸರ್ಕಾರಕ್ಕೆ ಸಲ್ಲಿಸುತ್ತದೆ. ಹಣವೂ ಬ್ಯಾಂಕಿನ ಮೂಲಕವೇ ಬರುತ್ತದೆ. ಇಷ್ಟು ಬೆಳಕಿನಲ್ಲಿ ನಡೆಯುವ ಮಾರಾಟ ಬೇರೊಂದಿಲ್ಲ.

ಜಿಎಸ್‌ಟಿ ಮಂಡಳಿಯಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಕುಳಿತಿವೆ, ಎರಡಕ್ಕೂ ಮತವಿದೆ. ಆಭರಣ ವ್ಯಾಪಾರಿಗಳ ಸಂಘಗಳು ಮಂಡಳಿಗೆ ಮನವಿ ಸಲ್ಲಿಸುವಾಗ ದರ ಇಳಿಸಿರೆಂಬ ಹಳೆಯ ಬೇಡಿಕೆಯನ್ನು ಬದಿಗಿಟ್ಟು, ವೇದಿಕೆಯ ಮೂಲಕ ಮಾರುವ ಚಿಕ್ಕವರಿಗೆ ಅಂತರರಾಜ್ಯ ಮಾರಾಟದಲ್ಲೂ ಕನಿಷ್ಠ 20 ಲಕ್ಷದವರೆಗೆ ನೋಂದಣಿ ವಿನಾಯಿತಿ ಕೊಡಿರೆಂದು ಕೇಳಲಿ. ಸೇವಾದಾರರಿಗೆ ಕೊಟ್ಟದ್ದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಬೇಡ.