ಹಲಾಲ್ ಎಂದರೆ ಸಾಕೆ? ಲೆಕ್ಕ ಬೇಡವೆ?

ನಮ್ಮ ಮನೆಗಳಲ್ಲಿ ಹಣ ಹಾಕುವ ಮುಂಚೆ ‘ಇದು ಹಲಾಲಾ?’ ಎಂದು ಕೇಳುತ್ತಾರೆ. ‘ಲೆಕ್ಕಪತ್ರ ಎಲ್ಲಿ?’ ಎನ್ನುವವರು ಕಡಿಮೆ. 2019ರ ಜೂನ್‌ನಲ್ಲಿ ಐಎಂಎ ಮುಚ್ಚಿದಾಗ ಶಿವಾಜಿನಗರದ ಅದರ ಕಚೇರಿ ಮುಂದೆ ಸೇರಿದವರಲ್ಲಿ ಹೆಚ್ಚಿನವರು ನಮ್ಮವರೇ.

1947ರ ಕಾನೂನಿನಂತೆ ಹೊಸ ಶೇರಿನ ಬೆಲೆಗೆ ಸರ್ಕಾರದ ಒಪ್ಪಿಗೆ ಬೇಕಿತ್ತು. 1992ರಲ್ಲಿ ಅದು ರದ್ದಾಯಿತು, ಸೆಬಿಗೆ ಶಾಸನಬದ್ಧ ಅಧಿಕಾರ ಬಂತು. ಬೆಲೆ ಕಂಪನಿಯೇ ಇಡಲಿ, ಆದರೆ ಸಾಲ, ಕೋರ್ಟ್ ಕೇಸು, ಅಪಾಯ ಎಲ್ಲವನ್ನೂ ಪ್ರಾಸ್ಪೆಕ್ಟಸ್‌ನಲ್ಲಿ ಬರೆಯಬೇಕು. ಐಎಂಎ ಶೇರು ಮಾರಲೇ ಇಲ್ಲ. ಹಣ ಕೊಟ್ಟವರನ್ನು ಎಲ್‌ಎಲ್‌ಪಿ ಪಾಲುದಾರರೆಂದು ಬರೆದುಕೊಂಡಿತು. ಪಾಲುದಾರನಿಗೆ ಪ್ರಾಸ್ಪೆಕ್ಟಸ್ ಯಾರು ಕೊಡುತ್ತಾರೆ? ಪಾಲುದಾರನಿಗೆ ನಷ್ಟದಲ್ಲೂ ಪಾಲಿದೆ ಎಂದು ನಾವು ಅಕೌಂಟೆನ್ಸಿಯಲ್ಲಿ ಓದುತ್ತೇವೆ. ಇವರಿಗೆ ವರ್ಷಗಟ್ಟಲೆ ತಿಂಗಳಿಗೊಮ್ಮೆ ಲಾಭವೇ ಬಂತು. ಅನುಮಾನ ಅಲ್ಲೇ ಬರಬೇಕಿತ್ತು.

ಸರಕಿನ ದೋಷ ಮುಚ್ಚಿಟ್ಟು ಮಾರಬಾರದೆಂದು ಮದರಸಾದಲ್ಲೇ ಕಲಿತಿದ್ದೇವೆ. ಹಾಗಾದರೆ ಲೆಕ್ಕ ಮುಚ್ಚಿಟ್ಟವನ ವ್ಯಾಪಾರ ಹಲಾಲ್ ಹೇಗಾದೀತು?

ದೇವನಹಳ್ಳಿ ಕಡೆ ಜಮೀನು ಮಾರಿದ ಹಣ ಇನ್ನೂ ಮನೆಗಳಿಗೆ ಬರುತ್ತಿದೆ, ಅದರ ಹಿಂದೆಯೇ ಏಜೆಂಟರೂ ಬರುತ್ತಾರೆ. ನಾವೋ ಸೆಬಿ ಬಗ್ಗೆ ಪರೀಕ್ಷೆಯಲ್ಲಿ ಉತ್ತರ ಬರೆಯುತ್ತೇವೆ, ಒಂದು ಪ್ರಾಸ್ಪೆಕ್ಟಸ್ ಕಣ್ಣಾರೆ ಕಂಡಿಲ್ಲ. ಸೆಬಿ ವೆಬ್‌ಸೈಟ್‌ನಲ್ಲಿ ಅವು ಉಚಿತ. ವಾಣಿಜ್ಯ ವಿಭಾಗದವರು ಒಂದನ್ನು ಪ್ರಿಂಟ್ ತೆಗೆದು ಲೈಬ್ರರಿಯಲ್ಲಿಡಲಿ. ಅಪಾಯಗಳ ಭಾಗವನ್ನು ಅಮ್ಮಿ-ಅಬ್ಬಾರಿಗೆ ಉರ್ದುವಿನಲ್ಲಿ ಹೇಳುವ ಕೆಲಸ ನಮ್ಮದು.